ಹಳೆಯ ರನ್‌ವೇಯ ನಂಬರು

ವಿಮಾನದ ಸದ್ದಿಗೆ ಮಕ್ಕಳು ತಲೆಯೆತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಐವತ್ತರ ಅಂಚಿಗೆ ಬಂದ ಹೆಂಗಸೊಬ್ಬಳು ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು, ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿದ್ದರೂ ಗೊತ್ತಾಗದೆ ಆಕಾಶ ನೋಡುತ್ತ ನಿಂತರೆ ಬೀದಿಯವರು ಬಿಡುತ್ತಾರೆಯೇ? ಅವಳಿಗೆ ವಿಮಾನದಕ್ಕ ಎಂದು ಹೆಸರು ಬಿತ್ತು. ಎದುರು ಮನೆಯ ದರ್ಜಿ ಹೊಲಿಗೆ ಯಂತ್ರದಿಂದ ತಲೆಯೆತ್ತಿ, "ಏನಕ್ಕಾ, ಇವತ್ತು ಟೈಮಿಗೆ ಸರಿಯಾಗಿ ಬಂತಾ?" ಎಂದು ಕೆಣಕುತ್ತಿದ್ದ. "ಸ್ವಲ್ಪ ತಡ ಆಯ್ತಪ್ಪಾ, ಗಾಳಿ ಎದುರಿಗಿದೆ ನೋಡು," ಎನ್ನುತ್ತಿದ್ದಳು. ಅವನು ಕೇಳಿದ್ದು ತಮಾಷೆಗೆ, ಅವಳು ಹೇಳಿದ್ದು ನಿಜ.

ಒಂದು ಕಾಲದಲ್ಲಿ ಆ ವಿಮಾನಗಳನ್ನು ಇಳಿಸುತ್ತಿದ್ದವಳು ಅವಳೇ. ಓಡಿಸುತ್ತಿದ್ದವಳಲ್ಲ, ಇಳಿಸುತ್ತಿದ್ದವಳು. ಈ ವ್ಯತ್ಯಾಸವನ್ನು ನೆಂಟರಿಷ್ಟರಿಗೆ ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತು. ವಿಮಾನ ನಿಲ್ದಾಣದ ಗೋಪುರದ ತುದಿಯಲ್ಲಿ, ಸುತ್ತಲೂ ಗಾಜಿರುವ ಕೋಣೆಯಲ್ಲಿ ಸರ್ಕಾರಿ ನೌಕರಿ. ಕಿವಿಗೆ ಹೆಡ್‌ಫೋನು, ಬೆರಳ ಕೆಳಗೆ ಮೈಕಿನ ಗುಂಡಿ, ಎದುರಿಗೆ ಉದ್ದಕ್ಕೆ ಮಲಗಿದ ರನ್‌ವೇ. ನೀನು ಇಳಿ, ನೀನು ಅಲ್ಲೇ ಇರು, ನೀನು ಇನ್ನೊಂದು ಸುತ್ತು ಹಾಕಿ ಬಾ. ಇಷ್ಟೇ ಕೆಲಸ. ಈ ಇಷ್ಟೇ ಕೆಲಸದಲ್ಲಿ ಒಂದು ಸಂಖ್ಯೆ ಹೆಚ್ಚುಕಡಿಮೆಯಾದರೆ ಎಷ್ಟೋ ಮನೆಗಳ ದೀಪ ಆರಿಹೋಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಮ್ಮಂಥವರಿಗೆ ಜಗಳ ಮುಗಿದ ಮೇಲೆ ನೆನಪಾಗುತ್ತದೆ. ಗೋಪುರದವರಿಗೆ ಅದು ಬಾಯಿ ತೆರೆಯುವ ಮೊದಲೇ ನೆನಪಿರಬೇಕು.

ಅದಕ್ಕೇ ಅಲ್ಲಿ ಒಂದು ಕಟ್ಟುನಿಟ್ಟು ಇದೆ. ಇವರು ಹೇಳಿದ್ದನ್ನು ಪೈಲಟ್ ಹಾಗೆಯೇ ತಿರುಗಿ ಹೇಳಬೇಕು. ಅದನ್ನು ಇವರು ಕಿವಿಗೊಟ್ಟು ಕೇಳಬೇಕು. ಸರಿಯಿದ್ದರೆ "ಕರೆಕ್ಟ್". ತಪ್ಪಿದ್ದರೆ "ನೆಗೆಟಿವ್" ಎಂದು ಅಲ್ಲೇ ತಡೆದು ತಿದ್ದಬೇಕು, ಎದುರಿನವನು ಎಷ್ಟೇ ದೊಡ್ಡವನಿರಲಿ. ಹೇಳುವುದು ಯಾರಿಗಾದರೂ ಬರುತ್ತದೆ, ಕೇಳುವುದೇ ಕಷ್ಟ. ವಿಮಾನದಕ್ಕ ಅದರಲ್ಲಿ ಎತ್ತಿದ ಕೈ. ಅವಳ ಕಿವಿ ತಪ್ಪಿಸಿ ಒಂದು ತಪ್ಪಕ್ಷರವೂ ನೆಲಕ್ಕೆ ಇಳಿಯದು ಎಂದು ಹಿರಿಯರೇ ಹೇಳುತ್ತಿದ್ದರು.

ಆ ನೌಕರಿಯನ್ನು ಅವಳು ಬಿಟ್ಟದ್ದು ಅಮ್ಮನಿಗಾಗಿ. ಬಿಡು ಎಂದು ಯಾರೂ ಹೇಳಲಿಲ್ಲ. ಅವಳ ಗಂಡ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. "ನಾನೇ ರಜೆ ಹಾಕ್ತೀನಿ ಕಣೇ, ನೀನು ಹೋಗು," ಎಂದಿದ್ದರು. ಆದರೆ ಮರೆವಿನ ಕಾಯಿಲೆ ಹತ್ತಿದ ಅಮ್ಮನಿಗೆ ಮಗಳ ಮುಖ ಕಾಣದಿದ್ದರೆ ಮನೆಯೇ ಪರರದ್ದಾಗಿಬಿಡುತ್ತಿತ್ತು. ಬಾಗಿಲು ತೆಗೆದು ತನ್ನ ಮನೆ ಹುಡುಕಿಕೊಂಡು ಬೀದಿಗಿಳಿಯುತ್ತಿದ್ದಳು. ದರ್ಜಿ ಕೈಹಿಡಿದು ಕರೆತರುತ್ತಿದ್ದ. ಕೊನೆಗೆ ಮೇಷ್ಟ್ರು ಅಮ್ಮನಿಗೆ ಎಟುಕದ ಹಾಗೆ ಬಾಗಿಲ ನೆತ್ತಿಯಲ್ಲಿ ಒಂದು ಚಿಲಕ ಹಾಕಿದರು. ಅದು ತಮಗೂ ಎಟುಕುವುದಿಲ್ಲ ಎಂಬುದು ಅವರಿಗೆ ಗೊತ್ತಾದದ್ದು ಸ್ಟೂಲಿನಿಂದ ಕೆಳಗಿಳಿದ ಮೇಲೆ. ಲೆಕ್ಕದ ಮೇಷ್ಟ್ರ ಅಳತೆ! ಅಂದಿನಿಂದ ಯಾರು ಬಂದು ಬಾಗಿಲು ಬಡಿದರೂ ಅಡುಗೆಮನೆಯಿಂದ ಸ್ಟೂಲು ತಂದು, ಹತ್ತಿ, ಚಿಲಕ ತೆಗೆದು, ಇಳಿದು, ಸ್ಟೂಲನ್ನು ಮತ್ತೆ ಒಳಗಿಡುವುದು ಆ ಮನೆಯ ಪದ್ಧತಿಯಾಯಿತು.

ಮೊದಮೊದಲು ಅಮ್ಮ ತಪ್ಪು ಮಾತಾಡಿದರೆ ಅವಳು ತಿದ್ದುತ್ತಿದ್ದಳು. ಗೋಪುರದ ಚಾಳಿ, ಅಷ್ಟು ಬೇಗ ಹೋಗುತ್ತದೆಯೇ? "ನಿಮ್ಮಪ್ಪ ಇನ್ನೂ ಬಂದಿಲ್ವಲ್ಲೇ," ಎಂದು ಅಮ್ಮ ಕಿಟಕಿಯ ಕಡೆ ನೋಡಿದರೆ, "ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲಮ್ಮಾ," ಎನ್ನುವಳು. ಅಮ್ಮನಿಗೆ ಅದು ಪ್ರತಿ ಸಲವೂ ಹೊಸ ಸುದ್ದಿ. ಪ್ರತಿ ಸಲವೂ ಎದೆ ಬಡಿದುಕೊಂಡು ಅಳುವಳು. ಮನೆಗೆ ಬಂದು ಹೋಗುತ್ತಿದ್ದ ನರ್ಸಮ್ಮ ಅದನ್ನು ನೋಡಲಾರದೆ ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು: "ಯಾಕಮ್ಮಾ ಅವರನ್ನ ದಿನಾ ದಿನಾ ವಿಧವೆ ಮಾಡ್ತೀರಿ? ಹೂಂ ಅಂದ್ಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

ಅಂದಿನಿಂದ ಅವಳು ಹೂಂ ಅಂದಳು. "ಬರ್ತಾರಮ್ಮಾ, ದಾರೀಲಿದ್ದಾರೆ." ಅಮ್ಮ ನಕ್ಕು ಮಲಗುತ್ತಿದ್ದಳು. ಮಗಳೇ ವಿಮಾನ ಓಡಿಸುತ್ತಾಳೆ ಎಂದು ಅಮ್ಮ ಹೇಳಿದರೂ ಹೂಂ. ಈಗ ಬೆಳಗಾಯಿತು ಎಂದು ಸಂಜೆ ಹೇಳಿದರೂ ಹೂಂ. ವರ್ಷಗಟ್ಟಲೆ ಅವಳ ಬಾಯಲ್ಲಿ ಬಂದದ್ದು ಅದೊಂದೇ ಅಕ್ಷರ. ಅದು ಪ್ರೀತಿಯೇ, ಅದರಲ್ಲಿ ಅನುಮಾನ ಬೇಡ. ಆದರೂ ಅಮ್ಮ ನಿದ್ದೆ ಹೋದ ಮೇಲೆ ಅವಳು ಮಹಡಿಗೆ ಹೋಗಿ, ಒಣಹಾಕಿದ ಬಟ್ಟೆ ಯಾವ ಕಡೆ ಹಾರುತ್ತಿದೆ ಎಂದು ನೋಡಿ, ಇವತ್ತು ಯಾವ ದಿಕ್ಕಿನಿಂದ ಇಳಿಸುತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು: ರನ್‌ವೇ ಟೂ ಸೆವೆನ್. ಅಷ್ಟು ಹೇಳಿ ಕೆಳಗಿಳಿದು ಬರುತ್ತಿದ್ದಳು.

ಅಮ್ಮ ಹೋಗಿ ವರ್ಷ ತುಂಬುವ ಹೊತ್ತಿಗೆ ಸರ್ಕಾರದ ಪ್ರಕಟಣೆ ಬಂತು. ಗೋಪುರಗಳಲ್ಲಿ ಜನ ಸಾಲುತ್ತಿಲ್ಲ, ಹಿಂದೆ ಈ ಕೆಲಸ ಮಾಡಿ ಬಿಟ್ಟವರು ಮರಳಿ ಬರಬಹುದು. ಮತ್ತೆ ತರಬೇತಿ, ಕೊನೆಗೆ ಒಂದೇ ಒಂದು ಪರೀಕ್ಷೆ. ಗೆದ್ದರೆ ಮೈಕು. ಸೋತರೆ ಕೆಳ ಅಂತಸ್ತಿನ ಕಚೇರಿಯಲ್ಲಿ ಒಂದು ಮೇಜು, ಅದಕ್ಕೆ ಕಿಟಕಿಯೂ ಇಲ್ಲ. "ಈ ವಯಸ್ಸಲ್ಲಿ ಆಕಾಶಕ್ಕೆ ಏಣಿ ಹಾಕ್ತೀಯಾ?" ಎಂದು ಅವಳ ಅಣ್ಣ ಫೋನಿನಲ್ಲಿ ನಕ್ಕ. "ಏಣಿ ಅಲ್ಲೇ ಇದೆ ಅಣ್ಣಾ, ಹತ್ತೋದಷ್ಟೇ," ಎಂದಳು.

ಹತ್ತುವಾಗ ಮಂಡಿ ನೋಯಿತು. ಮೇಲೆ ಹೋಗಿ ಬಾಗಿಲು ತಳ್ಳಿದರೆ ಅದೇ ವಾಸನೆ: ಬಿಸಿಯಾದ ಯಂತ್ರಗಳು, ಆರಿದ ಕಾಫಿ, ನೆಲ ಒರೆಸಿದ ನೀರು. ಅವಳಿಗೆ ಅಳು ಬಂತು. ಶೀತ ಎಂದು ಸುಳ್ಳು ಹೇಳಿ ಮೂಗು ಒರೆಸಿಕೊಂಡಳು.

ತರಬೇತಿ ಕೊಡುವವಳು ಗುಂಡುಸೂಜಿ. ಸಣ್ಣ ಆಳು, ಚೂಪು ಮಾತು, ಅದಕ್ಕೇ ಆ ಹೆಸರು. ಹಿಂದೆ ಅವಳಿಗೆ ಮೈಕು ಹಿಡಿಯುವುದು ಕಲಿಸಿದವಳೇ ವಿಮಾನದಕ್ಕ, ಆ ಹೆಸರಿಟ್ಟವಳೂ ಅವಳೇ. "ಅಕ್ಕಾ, ಮೆಟ್ಟಿಲಲ್ಲಿ ನೀವು ನಮ್ಮಕ್ಕ. ಮೈಕಿನ ಮುಂದೆ ಕೂತ್ರೆ ನೀವು ಕಲಿಯೋರು, ನಾನು ಕಲಿಸೋಳು. ಆಮೇಲೆ ಮುಖ ಸಪ್ಪೆ ಮಾಡ್ಕೋಬಾರ್ದು," ಎಂದಳು. "ಗುಂಡುಸೂಜಿ ಚುಚ್ಚದೆ ಇದ್ರೆ ಅದನ್ನ ಯಾತಕ್ಕೆ ಇಟ್ಕೋಬೇಕು? ಚುಚ್ಚು," ಎಂದಳು ವಿಮಾನದಕ್ಕ.

ಚುಚ್ಚುವ ಸಂದರ್ಭ ಬೇಗನೆ ಬಂತು. ಅವಳು ಇಲ್ಲದ ವರ್ಷಗಳಲ್ಲಿ ರನ್‌ವೇಯ ನಂಬರು ಬದಲಾಗಿತ್ತು. ರನ್‌ವೇ ಒಂದಂಗುಲವೂ ಅಲುಗಿಲ್ಲ, ಅಲುಗಿದ್ದು ಉತ್ತರ ದಿಕ್ಕು. ರನ್‌ವೇಗೆ ನಂಬರು ಕೊಡುವುದು ದಿಕ್ಸೂಚಿಯ ಮುಳ್ಳು ನೋಡಿ. ಆ ಮುಳ್ಳು ತೋರುವ ಉತ್ತರವೋ ಒಂದೇ ಕಡೆ ನಿಲ್ಲುವ ಜಾತಿಯದಲ್ಲ, ವರ್ಷ ವರ್ಷ ಕೂದಲೆಳೆಯಷ್ಟು ಸರಿಯುತ್ತದೆ. ಸರಿದು ಸರಿದು ಒಂದು ದಿನ ಹಳೆಯ ನಂಬರು ತಪ್ಪಾಗುತ್ತದೆ. ಆಗ ಅದನ್ನು ಅಳಿಸಿ ಹೊಸದನ್ನು ಬರೆಯುತ್ತಾರೆ. ಅವಳ ಟೂ ಸೆವೆನ್ ಈಗ ಟೂ ಎಯ್ಟ್ ಆಗಿತ್ತು. ಇದೆಲ್ಲ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮೊದಲ ದಿನವೇ ಓದಿ ಬಾಯಿಪಾಠ ಮಾಡಿದ್ದಳು. ಆದರೆ ತಲೆ ಒಪ್ಪಿದ್ದನ್ನು ನಾಲಿಗೆ ಒಪ್ಪಬೇಕಲ್ಲ.

ಕೆಲವು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಮಧ್ಯಾಹ್ನ ಹೆಡ್‌ಫೋನಿನಲ್ಲಿ ಮಾತಿಗೆ ಮುಂಚೆ ಒಂದು ಸಣ್ಣ ಕೆಮ್ಮು ಕೇಳಿಸಿತು. ಕೆಮ್ಮಿನ ಕ್ಯಾಪ್ಟನ್! ಪ್ರತಿ ಸಲ ಗಂಟಲು ಸರಿಮಾಡಿಕೊಂಡೇ ಮಾತಾಡುವ ಹಳೆಯ ಪೈಲಟ್. ಅವರ ಮುಖವನ್ನು ಅವಳು ಒಮ್ಮೆಯೂ ನೋಡಿದವಳಲ್ಲ. ಆದರೆ ಮಳೆಯಲ್ಲಿ, ಮಂಜಿನಲ್ಲಿ, ಒಂದು ಇಂಜಿನ್ ಕೈಕೊಟ್ಟ ದಿನವೂ ಆ ಕೆಮ್ಮಿನ ಹಿಂದಿನ ದನಿಯನ್ನು ನೆಲಕ್ಕೆ ತಂದು ಮುಟ್ಟಿಸಿದ್ದಳು. ಅವರೂ ಇವಳ ದನಿಯನ್ನು ಗುರುತು ಹಿಡಿದರು. "ಮತ್ತೆ ಬಂದ್ರಾ? ಬಹಳ ಸಂತೋಷ," ಎಂದರು, ರೇಡಿಯೋದಲ್ಲಿ ಹಾಗೆಲ್ಲ ಮಾತಾಡಬಾರದು ಎಂದು ಗೊತ್ತಿದ್ದೂ.

ಅವಳು ಇಳಿಯಲು ಅನುಮತಿ ಕೊಟ್ಟಳು. ರನ್‌ವೇ ಟೂ ಸೆವೆನ್ ಎಂದಳು. ಕೆಮ್ಮು. ರನ್‌ವೇ ಟೂ ಸೆವೆನ್ ಎಂದು ಅವರೂ ತಿರುಗಿ ಹೇಳಿದರು. ಅದು ಎಷ್ಟು ಹಿತವಾಗಿ ಕಿವಿಗೆ ಬಿತ್ತೆಂದರೆ, ಅವಳು ನಕ್ಕಳು. ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯಲಿ ಎಂದು ಮಾಡಿದ ಕಟ್ಟುನಿಟ್ಟು ಅದು. ಇಬ್ಬರ ನೆನಪೂ ಒಂದೇ ಆದಾಗ ಹಿಡಿಯುವವರು ಯಾರು? ಗುಂಡುಸೂಜಿ ತನ್ನ ಗುಂಡಿ ಒತ್ತಿ, ಅವಳನ್ನು ತಡೆದು ತಾನೇ ಮಾತಾಡಿ, ನಂಬರು ತಿದ್ದಿದಳು.

ವಿಮಾನ ಇಳಿದ ಮೇಲೆ ವಿಮಾನದಕ್ಕ, "ಇರೋದು ಒಂದೇ ರನ್‌ವೇ ಅಲ್ವೇನೇ. ಬೇರೆ ಎಲ್ಲಿ ಇಳೀತಿದ್ರು?" ಎಂದು ಮೆಲ್ಲಗೆ ಅಂದಳು. ಅಂದ ಕೂಡಲೇ ಅವಳಿಗೇ ನಾಚಿಕೆಯಾಯಿತು.

"ನೀವು ತಪ್ಪು ಹೇಳಿದ್ದಕ್ಕೆ ನನಗೆ ಭಯ ಇಲ್ಲ ಅಕ್ಕಾ," ಎಂದಳು ಗುಂಡುಸೂಜಿ. "ನಾನೂ ಎಷ್ಟೋ ಸಲ ಹೇಳಿದ್ದೀನಿ. ಅವರು ತಪ್ಪು ಹೇಳಿದಾಗ ನೀವು ನಕ್ರಲ್ಲ, ಅದಕ್ಕೆ ಭಯ. ನಾಳೆ ಎತ್ತರ ತಪ್ಪಿ ಹೇಳ್ತಾರೆ, ಆಗ್ಲೂ ನಗ್ತೀರಾ? ಪರೀಕ್ಷೇಲಿ ಹೀಗಾದ್ರೆ ನಾನು ನಿಮ್ಮನ್ನ ಉಳಿಸಲ್ಲ. ಉಳಿಸಬಾರ್ದು ಅಂತ ನೀವೇ ಕಲಿಸಿದ್ದು."

ಮನೆಗೆ ಬಂದು ಮೇಷ್ಟ್ರಿಗೆ ಎಲ್ಲ ಹೇಳಿಕೊಂಡಳು. ಮೇಷ್ಟ್ರು ಯೋಚಿಸಿ, "ನಾನೇ ಪೈಲಟ್ ಆಗ್ತೀನಿ, ಬಾ," ಎಂದರು. ಅಂದಿನಿಂದ ಅಡುಗೆಮನೆಯೇ ಗೋಪುರ. ಅವರು ತರಕಾರಿ ಹೆಚ್ಚುತ್ತ, ಬೇಕೆಂದೇ ಕೆಮ್ಮಿ, ಅವಳು ಹೇಳಿದ್ದನ್ನು ತಿರುಗಿ ಹೇಳುವುದು, ಮಧ್ಯೆ ಮಧ್ಯೆ ತಪ್ಪು ತೂರಿಸುವುದು. ಗಾಳಿಯ ವೇಗ ತಪ್ಪಿಸಿದರು, ಹಿಡಿದಳು. ಎತ್ತರ ತಪ್ಪಿಸಿದರು, ಹಿಡಿದಳು. "ಈ ಪೈಲಟ್ಟಿಗೆ ಲೆಕ್ಕ ಬರಲ್ಲ, ಯಾವ ಮೇಷ್ಟ್ರು ಕಲಿಸಿದ್ದೋ," ಎಂದು ಹಂಗಿಸಿದಳು. ಅವರೂ ಬಿಡದೆ, ಹುರುಳಿಕಾಯಿಯ ನಾರು ತೆಗೆಯುತ್ತ, ಏನೂ ಆಗದವರ ಹಾಗೆ ಅಂದರು: "ರನ್‌ವೇ ಟೂ ಸೆವೆನ್."

"ಹೂಂ," ಎಂದಳು.

ಮೇಷ್ಟ್ರು ಚಾಕು ಕೆಳಗಿಟ್ಟರು. ಅವಳ ಮುಖ ನೋಡಿದರು. "ಏನೇ, ಈಗ ಹೂಂ ಅಂದ್ಯಲ್ಲ. ಅದು ಅಮ್ಮನಿಗೆ ಅಂತಿದ್ದ ಹೂಂ."

ಅವಳು ಸ್ಟೂಲಿನ ಮೇಲೆ ಕುಳಿತಳು. ನಿಜ, ಅದೇ ಹೂಂ. ಅಮ್ಮನ ಪಕ್ಕ ಕುಳಿತು ಕಲಿತದ್ದು. ತಪ್ಪು ಮಾತು ಬಂದರೆ ಬರಲಿ, ಆ ಮಾತಿನಲ್ಲಿ ಅಪ್ಪ ಇನ್ನೂ ದಾರಿಯಲ್ಲಿದ್ದಾರೆ, ಅಮ್ಮ ನಗುತ್ತಾಳೆ. ಟೂ ಸೆವೆನ್ ಅನ್ನುವ ಮಾತಿನಲ್ಲಿ ಅವಳಿಗಿನ್ನೂ ಮೂವತ್ತರ ಹರೆಯ, ಅಮ್ಮ ಮನೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಳೆ. ಅದನ್ನು ಯಾವ ಬಾಯಲ್ಲಿ ತಿದ್ದುವುದು? "ತಿದ್ದಿದ್ರೆ ಅಮ್ಮ ಅಳ್ತಿದ್ಲು ಕಣ್ರೀ," ಎಂದಳು. "ಪೈಲಟ್ಟುಗಳು ಅಳಲ್ಲ," ಎಂದರು ಮೇಷ್ಟ್ರು. ಇಬ್ಬರೂ ನಕ್ಕರು, ಅವಳು ಅಳುತ್ತಲೂ ಇದ್ದಳು.

ಪರೀಕ್ಷೆಯ ದಿನ ಬಿಸಿಲು ಚೆನ್ನಾಗಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಕೈಕಟ್ಟಿಕೊಂಡು ಅವಳ ಬೆನ್ನ ಹಿಂದೆ ಕುಳಿತಿದ್ದರು. ಗುಂಡುಸೂಜಿ ಪಕ್ಕದಲ್ಲಿದ್ದಳು, ಎರಡೂ ಕೈ ತೊಡೆಯ ಮೇಲೆ. ಗುಂಡಿ ಮುಟ್ಟುವುದಿಲ್ಲ ಎನ್ನುವುದಕ್ಕೆ ಅದೇ ಗುರುತು. ಒಂದಾದ ಮೇಲೊಂದು ವಿಮಾನ ಬಂತು, ಹೋಯಿತು. ಟೂ ಎಯ್ಟ್ ಎಂದಳು, ಟೂ ಎಯ್ಟ್ ಎಂದರು, ಕರೆಕ್ಟ್ ಎಂದಳು. ಅವಳ ದನಿ ಹದಕ್ಕೆ ಬಂದಿತ್ತು.

ಮುಗಿಯಿತು ಅನ್ನುವ ಹೊತ್ತಿಗೆ ಕೆಮ್ಮು ಕೇಳಿಸಿತು.

ಅವಳು ಗಾಳಿ ಹೇಳಿದಳು, ರನ್‌ವೇ ಟೂ ಎಯ್ಟ್ ಎಂದಳು, ಇಳಿಯಬಹುದು ಎಂದಳು. ಅತ್ತ ಕಡೆಯಿಂದ ಅವರು ಗಾಳಿ ಸರಿಯಾಗಿ ಹೇಳಿದರು. ಆಮೇಲೆ, ಅವಳ ದನಿ ಕೇಳಿದ ಖುಷಿಗೋ ಏನೋ, ಹಳೆಯ ಸಲುಗೆಯಲ್ಲಿ, "ರನ್‌ವೇ ಟೂ ಸೆವೆನ್."

ಗುಂಡುಸೂಜಿಯ ಕೈ ತೊಡೆಯ ಮೇಲೇ ಇತ್ತು. ವಿಮಾನದಕ್ಕನ ಗಂಟಲಿನವರೆಗೂ ಹೂಂ ಬಂದಿತ್ತು. ಆ ನಂಬರು ನೆನಪಿರುವವರು ಇನ್ನೆಷ್ಟು ಜನ? ಅವಳನ್ನು ಹಳೆಯ ಅವಳಾಗಿಯೇ ಕಂಡದ್ದು ಆ ದನಿಯೊಂದೇ. ಅದಕ್ಕೆ ಅಲ್ಲ ಎನ್ನಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಕಣ್ಣೆದುರು ಆ ವಿಮಾನ ದೀಪ ಹಚ್ಚಿಕೊಂಡು ಕೆಳಗೆ ಬರುತ್ತಿತ್ತು, ಅದರೊಳಗೆ ಜನ ಇದ್ದರು.

"ನೆಗೆಟಿವ್," ಎಂದಳು. "ರನ್‌ವೇ ಟೂ ಎಯ್ಟ್."

ಹೆಡ್‌ಫೋನಿನಲ್ಲಿ ಕೆಮ್ಮು, ಆಮೇಲೆ ನಿಧಾನವಾಗಿ, "ರನ್‌ವೇ ಟೂ ಎಯ್ಟ್."

"ಕರೆಕ್ಟ್," ಎಂದಳು. ಚಕ್ರಗಳು ನೆಲ ಮುಟ್ಟಿ ಹೊಗೆ ಎದ್ದಿತು. ಬೆನ್ನ ಹಿಂದೆ ಪರೀಕ್ಷಕರು ಕುರ್ಚಿ ಸರಿಸಿ ಎದ್ದು, "ನಾಳೆಯಿಂದ ಡ್ಯೂಟಿಗೆ ಬನ್ನಿ," ಎಂದರು. ಗುಂಡುಸೂಜಿ ಅವಳ ಭುಜವನ್ನು ಜೋರಾಗಿಯೇ ಚಿವುಟಿದಳು.

ಸಂಜೆ ಬೀದಿಗೆ ಬಂದಾಗ ದರ್ಜಿ ಕೇಳಿದ, "ಅಕ್ಕಾ, ಟೈಮಿಗೆ ಬಂತಾ?" "ಬಂತಪ್ಪಾ, ನಾನೇ ಇಳಿಸಿದೆ," ಎಂದಳು. ಅವನು ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನೋಡಿದ.

ಮನೆಯ ಬಾಗಿಲು ಬಡಿದಳು. ಒಳಗೆ ಮೇಷ್ಟ್ರ ಹೆಜ್ಜೆ ಬಾಗಿಲಿಗೆ ಬರದೆ ಅಡುಗೆಮನೆಗೆ ಹೋಯಿತು. ಸ್ಟೂಲು ಎಳೆದ ಸದ್ದು. ಹತ್ತುವಾಗಿನ ಉಸ್ಸಪ್ಪಾ. ನೆತ್ತಿಯ ಮೇಲೆ ಚಿಲಕ ಕಿರುಗುಟ್ಟಿತು. ಅವಳು ಹೊರಗೆ ನಿಂತು ಅದನ್ನೆಲ್ಲ ಕೇಳಿದಳು. ಅಮ್ಮ ಹೋಗಿ ವರ್ಷ ದಾಟಿತ್ತು. ಒಳಗಿನಿಂದ ಬೀದಿಗೆ ಓಡುವವರು ಯಾರೂ ಇರಲಿಲ್ಲ. ಆದರೂ ದಿನವೂ ಆ ಚಿಲಕವನ್ನು ಒಂದು ದಿನ ಅವರು, ಒಂದು ದಿನ ಇವಳು, ಒಬ್ಬರಿಗೊಬ್ಬರು ಏನೂ ಅನ್ನದೆ ಹಾಕುತ್ತಲೇ ಬಂದಿದ್ದರು.

ಬಾಗಿಲು ತೆರೆಯಿತು. ಮೇಷ್ಟ್ರು ಸ್ಟೂಲಿನ ಮೇಲಿಂದಲೇ ಅವಳ ಮುಖ ನೋಡಿ, ಏನಾಯಿತು ಎಂದು ಕೇಳಲು ಬಾಯಿ ತೆರೆದರು.

"ರೀ," ಎಂದಳು ಅವಳು, "ಇನ್ಮೇಲೆ ಮೇಲಿನ ಚಿಲಕ ಬೇಡ."

ಅವರು ಅವಳನ್ನೂ ನೋಡಿದರು, ಚಿಲಕವನ್ನೂ ನೋಡಿದರು. ಕೆಳಗಿಳಿದರು. ಒಮ್ಮೆ ಕೆಮ್ಮಿಕೊಂಡರು.

"ಮೇಲಿನ ಚಿಲಕ ಬೇಡ," ಎಂದರು.

"ಕರೆಕ್ಟ್," ಎಂದಳು, ಮತ್ತು ಹೊಸಿಲ ಮೇಲೆ ನಿಂತಲ್ಲೇ ಅಮ್ಮನಿಗಾಗಿ ಅತ್ತಳು.