ರವಿವಾರದ ಕ್ಯಾಮೆರಾ ಪರೀಕ್ಷೆ

ವಿದ್ಯಾಗಿರಿಯಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ದಾನಿಶನ ತಲೆ ಚಿಟ್ಟು ಹಿಡಿಸಲು ಅನಿಲಕುಮಾರ ಮಾಸ್ತರ ಒಬ್ಬರೇ ಸಾಕು. ಕೊಳ್ಳುವ ಮೊದಲು ಪರೀಕ್ಷೆ ಮಾಡಬೇಕೆಂದು ಐದು ತಿಂಗಳಿಂದ ರವಿವಾರಕ್ಕೊಂದು ಮಧ್ಯಮ ದರದ ಡಿಎಸ್‌ಎಲ್‌ಆರ್ ಒಯ್ಯುತ್ತಾರೆ, ಸೋಮವಾರ ತಂದಿಟ್ಟು ಅದರ ಕುಂದುಗಳನ್ನೆಲ್ಲ ಒಪ್ಪಿಸುತ್ತಾರೆ. ಒಂದು ಕ್ಯಾಮೆರಾ ಇಳಕಲ್ ಸೀರೆಯ ಕೆಂಪು ಸೆರಗನ್ನು ಕುಂಬಳಕಾಯಿ ಬಣ್ಣಕ್ಕೆ ಇಳಿಸಿತಂತೆ. ಇನ್ನೊಂದರ ಸದ್ದಿಗೆ ಬಾದಾಮಿಯ ಮಂಗಗಳೂ ಹೆದರಿದವಂತೆ. ಮತ್ತೊಂದರ ವಿಡಿಯೋದಲ್ಲಿ ಬರೀ ಗಾಳಿಯೇ ಮಾತಾಡಿತಂತೆ. "ಮಾಸ್ತರ, ನಿಮಗ ಒಪ್ಪೋ ಕ್ಯಾಮೆರಾ ಇನ್ನೂ ಹುಟ್ಟಿಲ್ಲ ಬಿಡ್ರಿ," ಎಂದು ದಾನಿಶ ಚುಚ್ಚಿದರೆ, "ಹುಟ್ಟೋ ತನಕಾ ನೋಡೋಣಂತ," ಎಂದು ಇನ್ನೊಂದನ್ನು ಬಗಲಿಗೆ ಹಾಕಿಕೊಳ್ಳುತ್ತಾರೆ. ಮೊನ್ನೆ ರವಿವಾರ ಅವರು ಮರೆತುಹೋದ ಬ್ಯಾಟರಿ ಕೊಡಲು ದಾನಿಶ ಮನೆಗೇ ಹೋದಾಗ, ಲಕವಾ ಹೊಡೆದು ಒಂದು ಮಗ್ಗಲು ಸೋತಿದ್ದ ಮಾಸ್ತರರ ತಂದೆ ಹೊಳಬಸಪ್ಪ ತಲೆಗೆ ಪಟಗಾ ಸುತ್ತಿ, ಕೋಲೂರಿ, ಅಂಗಳದಲ್ಲಿ ಕ್ಯಾಮೆರಾದ ಕಡೆ ಹೆಜ್ಜೆ ಎಳೆಯುತ್ತಿದ್ದರು. "ಡಾಕ್ಟರ್ ನಡೀರಿ ಅಂದ್ರ ಬೈತಾರ. ಮಗನ ಕ್ಯಾಮೆರಾ ಪರೀಕ್ಷೆ ಅಂದ್ರ ಏಳ್ತಾರ," ಎಂದು ಮಾಸ್ತರರ ತಾಯಿ ಬಸಲಿಂಗವ್ವ ದಾನಿಶನಿಗೆ ಪಿಸುಗುಟ್ಟಿದರು. "ಫೋಟೋ ಛಲೋ ಬಂತೇನ್ಲೇ?" ಎಂದರು ಮುದುಕರು, ಏದುಸಿರಿನಲ್ಲಿ. "ಇಲ್ಲಪ್ಪಾ, ಫೋಕಸ್ ತಪ್ಪೇತಿ. ಇನ್ನೊಮ್ಮಿ ನಡಕೋತ ಬಾ," ಎಂದರು ಮಾಸ್ತರ. ದಾನಿಶ ಕ್ಯಾಮೆರಾದ ಪರದೆ ನೋಡಿದ. ಹುಬ್ಬಿನ ಒಂದೊಂದು ಕೂದಲೂ ನಿಚ್ಚಳವಾಗಿತ್ತು. ಮುದುಕರು ಅವನನ್ನೇ ನೋಡುತ್ತಿದ್ದರು. "ಖರೇರಿ ಕಾಕಾ," ಎಂದ ದಾನಿಶ, "ಪೂರಾ ತಪ್ಪೇತಿ."