ಅಪ್ಪ ತಂದ ಚೆಂಡು

ಕುವೈತಿನ ನಮ್ಮ ಆಫೀಸಿನಲ್ಲಿ ಅಮೆರಿಕದ ಕಪ್ಪು ಎಂಜಿನಿಯರ್ ಒಬ್ಬನಿದ್ದಾನೆ. ಒಂದು ದಿನ ಚಹಾದ ಹೊತ್ತಿಗೆ ಮೊಬೈಲಿನಲ್ಲಿ ತನ್ನ ಅಜ್ಜನ ಫೋಟೋ ತೋರಿಸಿದ. ಕಾಲೇಜಿನ ಫುಟ್ಬಾಲ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ಹುಡುಗನಂತೆ. ಅವನ ಕೈಯಲ್ಲಿದ್ದ ಚೆಂಡೋ, ಸುಲಿಯದ ತೆಂಗಿನಕಾಯಿಯ ಹಾಗಿತ್ತು. ಇದನ್ನು ಒದೆಯುವುದು ಹೇಗೆ ಎಂದು ಕೇಳಿದೆ. ನಕ್ಕ. ಅವರ ಆಟದಲ್ಲಿ ಹೆಚ್ಚಾಗಿ ಚೆಂಡನ್ನು ಅಪ್ಪಿಕೊಂಡು ಓಡುವುದಂತೆ. ಹಾಗಾದರೆ ಫುಟ್ಬಾಲ್ ಎಂದು ಹೆಸರಿಟ್ಟ ಮಹಾನುಭಾವ ಯಾರೋ!

ಪರವೂರಿಗೆ ಆಡಲು ಹೋದರೆ ತಂಡ ಇಳಿದುಕೊಂಡ ಹೋಟೆಲಿನೊಳಗೆ ಅಜ್ಜನನ್ನು ಬಿಡುತ್ತಿರಲಿಲ್ಲ. ಗೆಲ್ಲಿಸಿದ ದಿನವೂ ಬಸ್ಸಿನಲ್ಲೇ ಊಟ. ಈಗ ಅದೇ ಕಾಲೇಜಿನ ಮೈದಾನದ ಬಾಗಿಲಿಗೆ ಅವನ ಹೆಸರಿದೆ. ಫೋಟೋದಲ್ಲಿ ಅವನು ಸಾಲಿನ ಕೊನೆಗೆ, ಪಕ್ಕದವನಿಂದ ಒಂದು ಮೊಳ ದೂರ ನಿಂತಿದ್ದ.

ಅಷ್ಟಾದರೂ ನಿಲ್ಲಿಸಿದರಲ್ಲ ಅಂತ ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮ ಕೇರಿಯಿಂದ ಕಾಲೇಜು ಫುಟ್ಬಾಲ್ ಟೀಮು ಸೇರಿದ ಮೊದಲಿಗರು ನಮ್ಮಪ್ಪ. ಅಪ್ಪ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು, ಅಪ್ಪ ಮುಟ್ಟಿದ ಲೋಟವನ್ನಲ್ಲ. ಗ್ರೂಪ್ ಫೋಟೋದ ದಿನ ಎಲ್ಲರೂ ನಿಂತ ಮೇಲೆ ಚೆಂಡಿಲ್ಲವೆಂದು ಅಪ್ಪನನ್ನೇ ಓಡಿಸಿದರು. ತಂದುಕೊಟ್ಟಾಗ ಅವರ ಜಾಗದಲ್ಲಿ ಬೇರೆಯವನಿದ್ದ. ಆದರೂ ಆ ಫೋಟೋಕ್ಕೆ ಅಪ್ಪ ಕಟ್ಟು ಹಾಕಿಸಿದ್ದರು, ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

"ಕ್ಯಾಪ್ಟನ್ ಕೈಯಲ್ಲಿ ಚೆಂಡು ಉಂಟಲ್ಲ, ಅದು ನಾನು ತಂದದ್ದು."

ಡಿಗ್ರಿ ಓದುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಣ್ಣ ಬಳಿಯುವ ದಿನ ಅದನ್ನು ಇಳಿಸಿದೆ. "ಎಂತ ಅಪ್ಪ, ನಾಚಿಕೆ ಆಗುದಿಲ್ವಾ ನಿಮಗೆ? ನೀವೇ ಇಲ್ಲದ ಫೋಟೋ ಯಾಕೆ?" ಎಂದು ಕಟ್ಟಿನಿಂದ ಕಿತ್ತು ಒಲೆಗೆ ಹಾಕಿದೆ. ಅಪ್ಪ ಬೈಯಲಿಲ್ಲ. ಗೋಡೆಯ ಮೊಳೆ ಕೀಳಲು ಮಾತ್ರ ಬಿಡಲಿಲ್ಲ.

ಅಪ್ಪ ಈಗಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಹಾಗೆ, ಆ ಫೋಟೋದ ಇನ್ನೊಂದು ಪ್ರತಿ ಇದೆಯೇ ಎಂದು ಅಪ್ಪನ ಕಾಲೇಜಿಗೆ ಎರಡು ಸಲ ಬರೆದು ಕೇಳಿದೆ. ಅಷ್ಟು ಹಳೆಯ ಫೋಟೋ ಯಾವುದೂ ಅವರಲ್ಲಿಲ್ಲವಂತೆ. ಇಲ್ಲಿ ಕುವೈತಿನ ಅಬ್ಬಾಸಿಯಾದ ನಮ್ಮ ಫ್ಲ್ಯಾಟಿನಲ್ಲಿ ಮಗಳಿಗೆ ಈ ಕಥೆ ಹೇಳಿದರೆ, "ಬಟ್ ವೇರ್ ಈಸ್ ಅಜ್ಜ?" ಎಂದಳು.

ಅಂದು ಆ ಎಂಜಿನಿಯರ್ ಕೂಡ, "ನಿನ್ನ ಅಪ್ಪನ ಫೋಟೋ ತೋರಿಸು" ಎಂದಿದ್ದ. ಮೊಬೈಲ್ ತೆಗೆದೆ. ಅಪ್ಪನ ಫೋಟೋಗಳು ಬೇಕಾದಷ್ಟಿದ್ದವು. ನನಗೆ ಬೇಕಾದದ್ದು ಅಪ್ಪ ಇಲ್ಲದ ಆ ಒಂದು ಫೋಟೋ.