ಅಕ್ಕೋರ ಬಾದಾಮಿ

ಯಾರೇ ಎದುರಾಗಲಿ, ಸುಶೀಲಾ ಅಕ್ಕೋರು ಅವರ ಮುಖಕ್ಕೆ ಒಂದು ಎಲೆ ಹಿಡಿಯುತ್ತಿದ್ದರು. "ಹೇಳು, ಇದು ಯಾವ ಬಾದಾಮಿ?" ಉತ್ತರ ತಪ್ಪಿದರೆ ಲಿಫ್ಟ್ ಹತ್ತಲೂ ಬಿಡುತ್ತಿರಲಿಲ್ಲ. ಧಾರವಾಡದಿಂದ ಮದುವೆಯಾಗಿ ಮುಂಬಯಿಯ ಬೊರಿವಲಿಗೆ ಬಂದು, ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ನಮ್ಮ ಇಡೀ ಬಿಲ್ಡಿಂಗೇ ಅವರ ಕ್ಲಾಸು.

ಕಾಂಪೌಂಡಿನಲ್ಲಿ ಎರಡು ಮರಗಳಿದ್ದವು. ಸೊಸೈಟಿಯವರೆಲ್ಲ ಎರಡನ್ನೂ ಬಾದಾಮ್ ಎಂದೇ ಕರೆಯುತ್ತಿದ್ದರು. ಅದನ್ನು ಕೇಳಿದರೆ ಅಕ್ಕೋರಿಗೆ ಮೈಯೆಲ್ಲ ಉರಿ. "ಕಣ್ಣ ಬಾಡಿಗಿಗೆ ಕೊಟ್ಟೀರೇನು? ಗೇಟಿನ ಹತ್ರ ಇರೂದು ಜಂಗ್ಲಿ. ಅದರ ಎಲಿ ನೋಡು, ಬೆರಳು ಬಿಡಿಸಿದ ಅಂಗೈ ಇದ್ದಂಗ ಐತಿ. ನನ್ನ ಕಿಡಕಿ ಮುಂದಿಂದು ದೇಸಿ. ಅಗಲಕ ಒಂದ ಎಲಿ, ಉದರೂ ಮುಂದ ಕೆಂಪಾಗತೈತಿ."

ಆ ದೇಸಿ ಬಾದಾಮಿಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಯಿ ಜಜ್ಜಿ ಮಕ್ಕಳಿಗೆ ತಿರುಳು ತೆಗೆದುಕೊಡುತ್ತಿದ್ದರು. ಗಂಡ ಹೋದ ಮೇಲೆ ಅವರಿಗೆ ಮನೆಯೊಳಗೆ ಕೂರಲಾಗುತ್ತಿರಲಿಲ್ಲ. ಆ ನೆರಳೊಂದೇ ಅವರಿಗೆ ಸಮಾಧಾನ.

ಜಂಗ್ಲಿ ಹೂಬಿಟ್ಟರೆ ಮಾತ್ರ ಗಟಾರ ಒಡೆದಂಥ ನಾತ. ಅದನ್ನು ಕಡಿಸಬೇಕೆಂದು ಸೆಕ್ರೆಟರಿ ಹಟ ಹಿಡಿದ. ಮಂಗಳೂರು ಕಡೆಯವನು, ಎರಡು ಹೋಟೆಲಿನ ಮಾಲೀಕ. "ನಾಕ ವಾರ ಮೂಗ ಮುಚ್ಚಿಕೊಂಡ್ರ ಸಾಯೂದಿಲ್ಲ," ಎಂದು ಅಕ್ಕೋರು ಮೀಟಿಂಗಿನಲ್ಲಿ ಜಗಳವಾಡಿ ಸೋತರು. ಒಂದು ಮರ ಕಡಿಯಲು ಪರವಾನಗಿ ಸಿಗುವಷ್ಟರಲ್ಲಿ ಹೂ ಉದುರಿ, ನಾತ ಹೋಗಿ, ಎರಡೂ ಮರ ತುಂಬ ಎಲೆ ಬಂದಿತ್ತು.

"ಕಡಿಯೂ ಮುಂದ ನನ್ನ ಕರಿ, ಯಾವುದು ಅಂತ ತೋರಸ್ತೀನಿ."

"ಗೊತ್ತುಂಟು ಆಂಟಿ, ಬಾದಾಮ್ ಅಲ್ವಾ?"

ಮರುದಿನ ಅಕ್ಕೋರು ದಾದರ್ ಮಾರ್ಕೆಟ್ಟಿಗೆ ಹೋಗಿ ಲೋಕಲ್ ಟ್ರೇನಿನಲ್ಲಿ ಮರಳಿದಾಗ ಅವರ ಕಿಟಕಿಯ ಮುಂದೆ ಬರೀ ಬೊಡ್ಡೆ ಉಳಿದಿತ್ತು. ಆ ಮನುಷ್ಯ ದೇಸಿ ಬಾದಾಮಿಯನ್ನೇ ಕಡಿಸಿಬಿಟ್ಟಿದ್ದ! ಅವರ ಕೂಗು ಕೇಳಿ ನಾನು ಕೆಳಗೆ ಓಡಿದೆ. ಬಿದ್ದಿದ್ದ ಎಲೆಯೊಂದನ್ನು ಸೆಕ್ರೆಟರಿಯ ಮುಖಕ್ಕೆ ಹಿಡಿದು ನಿಂತಿದ್ದರು. "ಇದು ಯಾವುದು? ಹೇಳೋ!"

"ಬಿಡಿ ಆಂಟಿ, ಎರಡೂ ಬಾದಾಮೇ ಅಲ್ವಾ?"

ಆ ಮಾತು ನೆನೆದರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ. ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ.

ಆಮೇಲೆ ಅಕ್ಕೋರು ಕೆಳಗಿಳಿಯಲೇ ಇಲ್ಲ. ನಾನು ಹೋದಾಗಲೆಲ್ಲ ಅದೇ ಮಾತು: "ತಿಳೀಲಿಲ್ಲಂದ್ರ ಕೇಳಬೇಕಿತ್ತಲ್ಲ ತಂಗಿ. ನಾ ಇಲ್ಲೇ ಇದ್ದೆ." ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಜಂಗ್ಲಿ ಮಾತ್ರ ಮುಂದಿನ ಬೇಸಗೆಗೂ ಹೂಬಿಟ್ಟು ಹಾಯಾಗಿ ನಾರಿತು.

ಈ ವರ್ಷ ಸೆಕ್ರೆಟರಿಗೆ ಅಕ್ಕೋರ ನೆನಪಿಗೆ ಗಿಡ ನೆಡುವ ಉಮೇದು ಬಂತು. ಹಾರ ಹಾಕಿದ ಫೋಟೋ, ಮೈಕು, ಎಲ್ಲ ಸಿದ್ಧ. ಈ ಸಲ ಎಲ್ಲರ ಎದುರು ನನ್ನನ್ನು ಕೇಳಿದ. ನರ್ಸರಿಯಿಂದ ತಂದ ಸಸಿಯನ್ನು ಮುಂದೆ ಹಿಡಿದು, "ನಿಮ್ಮ ಅಕ್ಕೋರ ಬಾದಾಮ್ ಇದೇ ಅಲ್ವಾ?" ಎಂದ.

ನೋಡಿದೆ. ಒಂದೊಂದು ಎಲೆಯೂ ಬೆರಳು ಬಿಡಿಸಿಕೊಂಡಿತ್ತು.

"ಇದೇ," ಎಂದೆ. "ನಿಮ್ಮ ಬೆಡ್‌ರೂಮಿನ ಕಿಟಕಿ ಕೆಳಗೇ ನೆಡಿಸಿ. ದಿನಾ ನಾನೇ ನೀರು ಹಾಕುತ್ತೇನೆ."